ಹೆಬ್ಬೆರಳ ನೆರಳು

ಬಾಗಿಲಲ್ಲೇ ನಿಲ್ಲಿಸಿ ಕೇಳಿತು: ನೀವು ಯಾರು?
ವಿದ್ಯಾರ್ಥಿ, ಶಿಕ್ಷಕ, ಪೋಷಕ,
ಮೂರು ಚೌಕ. ಯಾವುದಾದರೂ ಒಂದು ಒತ್ತಿ.
ಮೂವತ್ತೊಂದು ವರ್ಷ ಸೀಮೆಸುಣ್ಣ ತಿಂದ ಬೆರಳು
ಒಂದು ಗಳಿಗೆ ತಡೆದು
ತಪ್ಪಿ ವಿದ್ಯಾರ್ಥಿಯ ಮೇಲೆ ಬಿತ್ತು.

ಇರಲಿ ಎಂದುಕೊಂಡೆ.

ರಾತ್ರಿ ಹತ್ತೂವರೆ. ದಾವಣಗೆರೆಯ ಭಟ್ಟಿ ಓಣಿಯಲ್ಲಿ
ಹೊಗೆ ತಗ್ಗಿ, ಕಾದ ಮರಳಿನ ವಾಸನೆಯಷ್ಟೇ
ಕಿಟಕಿಗೆ ಬರುತ್ತಿತ್ತು.
ಮಾಧ್ಯಮ? ಕನ್ನಡ. ತರಗತಿ? ಐದು.
ವಿಷಯ? ಗಣಿತ. ಘಟಕ? ಭಿನ್ನರಾಶಿ.
ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು
ಗಂಡನ ಹೆಸರು ಹೇಳಿಸಿದ ಹಾಗೆ
ಎಲ್ಲಾ ಹೇಳಿಸಿಕೊಂಡು ಒಳಗೆ ಬಿಟ್ಟಿತು.
ಒಳಗೆ ಪಿಜ್ಜಾ.

ದುಂಡಗೆ, ಎಂಟು ಹೋಳು. ಒಂದರ ಮೇಲೆ ಬಾಣ.
ಯಾರದೋ ಜೇನಿನಂಥ ದನಿ: ಬನ್ನಿ ಮಕ್ಕಳೇ, ಹಂಚಿಕೊಳ್ಳೋಣ!
ನಮ್ಮ ಸಾಲಿಯ ಮೆಹಜಬೀನ್‌ಗೆ ಇದನ್ನು ತೋರಿಸಿದರೆ
ರೊಟ್ಟಿಗೆ ದಡಾರ ಎದ್ದೈತೇನ್ರಿ ಮಿಸ್, ಅಂದಾಳು.
ಹಿಂದಿನ ಬಾಣ ಒತ್ತಿದೆ.
ಮತ್ತೆ ಬಾಗಿಲು. ಮತ್ತೆ: ನೀವು ಯಾರು?

ಈ ಸಲ ಗುರುತು ಮಾಡಿಕೊಂಡೆ.
ಬಲಗಡೆ ಮೇಲೆ ಮೂರು ಅಡ್ಡ ಗೆರೆ,
ನಮ್ಮಪ್ಪನ ಹಣೆಯ ವಿಭೂತಿಯಂತೆ;
ಅದನ್ನು ಮುಟ್ಟಿದರೆ ಓಣಿಗಳೆಲ್ಲ ಕೆಳಗಿಳಿಯುತ್ತವೆ.
ಅದರ ಪಕ್ಕ ಭೂತಗನ್ನಡಿ. ಅದರೊಳಗೆ ಅವಸರಕ್ಕೆ
ಬಿನ್ನರಾಶಿ ಎಂದು ಬರೆದೆ.
ಏನೂ ಸಿಗಲಿಲ್ಲ ಎಂದಿತು.
ಒಂದು ಬಾಲ, ಬರೀ ಒಂದು ಮಹಾಪ್ರಾಣದ ಬಾಲ!
ಇದಕ್ಕೇ ಎಷ್ಟು ಮಕ್ಕಳ ಅರ್ಧ ಅಂಕ ಕಳೆದಿದ್ದೇನೋ,
ಎಲ್ಲಾ ಕೂಡಿಸಿದರೆ ಒಂದು ಹುಡುಗಿ ಪಾಸಾಗುತ್ತಿದ್ದಳು.

ಬಾಲ ಹಚ್ಚಿದೆ. ನಾನೂರ ಹನ್ನೆರಡು ಸಿಕ್ಕವು.
ಸೇಬು, ಕೇಕು, ಚಾಕೊಲೇಟು, ಮತ್ತೆ ಸೇಬು.
ತೂಕಡಿಕೆಯ ನಡುವೆ, ಹದಿನೇಳನೇ ಪುಟದ ತಳದಲ್ಲಿ
ಒಂದೂ ಚಿಕ್ಕೆ ಬೀಳದೆ ಕೂತಿದ್ದಳು
ಜಗಳೂರು ಕಡೆಯ ಯಾವುದೋ ಸಾಲಿಯ
ಎಸ್. ಚೌಡಮ್ಮ, ಸಹಶಿಕ್ಷಕಿ.
ರೂಲಿನ ಹಾಳೆ, ನೀಲಿ ಶಾಯಿ, ಫೋಟೊ ತುಸು ವಾರೆ.
ಸೇರು, ಅಚ್ಚೇರು, ಪಾವು: ಕೈಯಲ್ಲಿ ಬಿಡಿಸಿದ ಮೂರು ಡಬ್ಬಿ.
ಕೆಳಗೆ, ಅಡಿಗೆರೆ ಹಾಕಿ:
ಮಂಡಕ್ಕಿ ತರಿಸಿ. ಅಳೆದಾದ ಮೇಲೆ ತಿನ್ನಲು ಬಿಡಿ.
ಹಾಳೆಯ ಮೂಲೆಗೆ
ಹಿಡಿದ ಹೆಬ್ಬೆರಳ ನೆರಳು.

ಇಳಿಸಿಕೊಳ್ಳಲು ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.
ಕೊನೆಗೆ ಪೆನ್ನು ತಗೊಂಡು
ಹಿಂದಿನ ಬೆಂಚಿನವಳ ಹಾಗೆ
ನೋಡಿ ನೋಡಿ ಬರೆದುಕೊಂಡೆ,
ಚೌಡಮ್ಮನ ಕಾಗುಣಿತ ತಪ್ಪು ಸಮೇತ.

ಬೆಳಿಗ್ಗೆ ಭಟ್ಟಿಯ ಬಾಗಿಲಲ್ಲಿ ಮೆಹಜಬೀನಳ ಅಮ್ಮ
ಮೂರು ಡಬ್ಬಿ ಸೆರಗಿನಿಂದ ಒರೆಸಿ ಕೊಟ್ಟಳು:
ಸಂಜಿಗೆ ವಾಪಸ್ ಬೇಕ್ರಿ ಟೀಚರ್.
ಹುಡುಗರ ಕೈಯಾಗ ತಳ ನೆಗ್ಗಬಾರ್ದು ನೋಡ್ರಿ,
ನೆಗ್ಗಿದ್ರೆ ಪಾವು ಪಾವಾಗಿರಲ್ಲ.