ಹದಿಮೂರು ಅಡಿ ಒಂದು ಇಂಚು

ಹನ್ನೊಂದು ಸಾವಿರ ಕಟ್ಟಿ ಬಂದ ದಿನವೇ
ನಮ್ಮನೆಯವರು ಟೇಪು ಹಿಡಿದು ಕೂತರು ಅಂಗಳದಲ್ಲಿ.
ಉದ್ದ ಹದಿಮೂರು ಅಡಿ ಒಂದು ಇಂಚು,
ಅಗಲ ಐದೂಮುಕ್ಕಾಲು.
ಸುಣ್ಣದಲ್ಲಿ ಗೆರೆ ಎಳೆದು, ಎದ್ದು ನಿಂತು,
ಇಲ್ಲದ ಬಾಗಿಲು ತೆರೆದು
"ಹತ್ತು" ಅಂದರು.
ನಾನು ಹತ್ತಲಿಲ್ಲ. ಒಲೆಯ ಮೇಲೆ ಹಾಲಿತ್ತು.

ಪಿ.ಬಿ. ರೋಡಿನ ಶೋರೂಮಿನ ಹುಡುಗ ವಾಗೀಶ
ಟೈ ಸರಿಮಾಡಿಕೊಂಡು ಹೇಳಿದ್ದ:
ಕಂದು ಬಣ್ಣದ್ದಾದರೆ ಹದಿನೈದು ದಿನ,
ಬಿಳಿಯದಕ್ಕೆ ಮೂವತ್ತೆಂಟು ವಾರ.
"ತಿಂಗಳ ಲೆಕ್ಕದಲ್ಲಿ ಹೇಳಪ್ಪ" ಅಂದೆ.
"ಸಿಸ್ಟಮ್‌ನಾಗೆ ಹಂಗೇ ಬರ್ತತಿ ಮೇಡಂ."
ಅತ್ತೆ ಬೆರಳು ಮಡಚಿ ಎಣಿಸಿದರು:
"ಬಸುರಿಗಿಂತ ಎರಡೇ ವಾರ ಕಮ್ಮಿ."

ನಮ್ಮದು ರಕ್ತಪರೀಕ್ಷೆಯ ಲ್ಯಾಬು,
ಪಿ.ಜೆ. ಬಡಾವಣೆಯ ತಿರುವಿನಲ್ಲಿ, ಎರಡು ಬೆಂಚು, ಒಂದು ಫ್ಯಾನು.
ಹದಿನೇಳು ವರ್ಷದಿಂದ ಕೌಂಟರಿನಲ್ಲಿ ಕೂತು
ನಾನು ಆಡಿದ ಮಾತು ಒಂದೇ: ಸಂಜೆ ಐದಕ್ಕೆ ಬನ್ನಿ.
ಹರಪನಹಳ್ಳಿಯಿಂದ ಬಂದವರಿಗೂ ಅದೇ,
ಎದುರು ಮನೆಯವರಿಗೂ ಅದೇ.
ಐದಕ್ಕೆ ಬಂದು ನಿಂತವರಿಗೆ: ಇನ್ನೊಂದು ಅರ್ಧ ಗಂಟೆ.

ಈಗ ಸೋಮವಾರ ಸೋಮವಾರ ನಾನೇ ಫೋನು ಹಚ್ಚುತ್ತೇನೆ.
ಚಿಪ್ ಬಂದಿಲ್ಲವಂತೆ. ಹಡಗು ಬಂದಿಲ್ಲವಂತೆ.
ಕೆರೆ ನೀರು ಕುಡಿದು ಬೆಳೆದ ನಾವು
ಯಾವುದೋ ಸಮುದ್ರದ ಹಡಗು ಕಾಯುತ್ತ
ಬಟ್ಟೆ ಒಣಹಾಕುತ್ತೇವೆ.
ಯುಗಾದಿಗೆ ಬಂದೇ ಬರುತ್ತೆ ಅಂತ ತಂದಿಟ್ಟ
ನಾಲ್ಕು ನಿಂಬೆಹಣ್ಣು ಉಪ್ಪಿನಕಾಯಿಯಾದವು.

ಖಾಲಿ ಜಾಗ ಖಾಲಿ ಕೂರುವುದಿಲ್ಲ.
ಮೊದಲು ಬಂದದ್ದು ಬ್ಯಾಡಗಿ ಮೆಣಸಿನಕಾಯಿ,
ಗೆರೆ ದಾಟದಂತೆ ಹರವಿದೆ.
ಹಿಂದಿನ ಓಣಿಯ ಮದುವೆಗೆ ಅಡುಗೆಯವರು ಅಲ್ಲೇ ಕೂತು
ಒಂದು ಚೀಲ ಸೌತೆಕಾಯಿ ಹೆಚ್ಚಿದರು.
ಕರಿನಾಯಿಯೊಂದು ಡ್ರೈವರ್ ಸೀಟಿರಬೇಕಾದಲ್ಲೇ
ಐದು ಮರಿ ಹಾಕಿತು. ಕುಂಯ್‌ಗುಟ್ಟುವ ಸದ್ದಿಗೆ
"ಹಾರ್ನ್ ಬಂತು ನೋಡು" ಅಂದರು ಅತ್ತೆ.

ಆಮೇಲೆ ಪಕ್ಕದ ಮನೆಯ ಆಫ್ರೀನ್, ಎರಡನೇ ಕ್ಲಾಸು,
ನಮ್ಮ ಗೆರೆಯೊಳಗೆ ತನ್ನ ಗೆರೆ ಎಳೆದಳು.
ಎಂಟು ಮನೆಯ ಕುಂಟೆಬಿಲ್ಲೆ.
ಡಿಕ್ಕಿಯಿಂದ ಬಾನೆಟ್ಟಿನವರೆಗೆ ಒಂಟಿಕಾಲಿನಲ್ಲಿ
ದಿನಾ ಸಂಜೆ ಅವಳದೇ ಓಡಾಟ.
ಮಳೆ ಬಂದು ಅಳಿಸಿದರೆ ಮತ್ತೆ ಬರೆಯುವವಳೂ ಅವಳೇ.
ಇವರು ಟೇಪು ಎಲ್ಲಿಟ್ಟಿದ್ದರೋ ಮರೆತಿದ್ದರು.

ಒಂದು ದಿನ ಲ್ಯಾಬಿನ ಬೆಂಚಿನ ಮೇಲೆ
ಹೆಂಡತಿಯ ರಿಪೋರ್ಟಿಗೆ ಕಾದವನೊಬ್ಬ,
ಬುತ್ತಿ ಬಿಚ್ಚದೆ ಕೂತವನು, ಮೂರನೇ ಸಲ ಕೇಳಿದ:
"ಬಂತೇನ್ರೀ ಅಕ್ಕಾರೆ?"
ಬೆಳಗ್ಗೆ ನಾನು ವಾಗೀಶನಿಗೆ ಕೇಳಿದ್ದೂ ಇದೇ ಮಾತು.
ನನ್ನದು ಬಿಳಿ ಬಣ್ಣಕ್ಕೆ.
ಎದ್ದು ಒಳಗೆ ಹೋಗಿ ಮಿಷನ್ನಿನ ಮುಂದೆ ನಿಂತೆ.
ನಿಂತರೆ ಬೇಗ ಮುಗಿಯುವ ಕೆಲಸವಲ್ಲ ಅದು.
ಆದರೂ ನಿಂತೆ.

ನಲವತ್ತೊಂದನೇ ವಾರ ಬಂತು.
ಹೊಸ ನಿಂಬೆಹಣ್ಣು, ಹೊಸ ಚಕ್ರ.
ಸೀಟಿನ ಪ್ಲಾಸ್ಟಿಕ್ಕು ತೆಗೆಯಬೇಡಿ ಅಂದರು ಅತ್ತೆ,
ತೆಗೆದರೆ ಹಳತಾಗುತ್ತದಂತೆ.
ಗೆರೆಯೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಆಫ್ರೀನ್ ಗೇಟಿನಾಚೆ ನಿಂತಿದ್ದಳು,
ಕೈಯಲ್ಲಿ ಹಂಚಿನ ಚೂರು.
ಪೇಡ ಕೊಟ್ಟೆ. ತಿನ್ನಲಿಲ್ಲ.
"ಆಂಟಿ, ಇದು ಯಾವಾಗ ಹೋಗುತ್ತೆ?"
ಹದಿನೇಳು ವರ್ಷದ ಮಾತು, ತಾನಾಗಿಯೇ ಬಂತು ಬಾಯಿಗೆ:
ಸಂಜೆ ಐದಕ್ಕೆ ಬಾ.

ನಾಲ್ಕೂಮುಕ್ಕಾಲಿಗೇ ಗೇಟು ಸದ್ದಾಯಿತು.
ನಡೀರಿ, ಕೊಂಡಜ್ಜಿ ತನಕ ಹೋಗಿ ಬರೋಣ
ಅಂದೆ ಇವರಿಗೆ,
ನಿಧಾನಕ್ಕೆ.