ಹನ್ನೆರಡನೇ ನಂಬರು

ಹೆಸರಿಲ್ಲ ಇನ್ನೂ ಈ ನಿಂಬೆಗಳಿಗೆ, ಬರೀ ನಂಬರು:
ಏಳು, ಹನ್ನೆರಡು, ಹತ್ತೊಂಬತ್ತು.
ಕೋಲಾರದ ಹೊರಗೆ, ತಗಡು ಮಾಡಿನ ಲ್ಯಾಬಿನಲ್ಲಿ
ಹಿಂಡಿ, ಸೋಸಿ, ಸಾಲಾಗಿ ಇಟ್ಟಿದ್ದೇನೆ.

ನೇರಳೆ ದ್ರಾವಣಕ್ಕೆ ಒಂದೊಂದೇ ತೊಟ್ಟು.
ಕತ್ತಲಲ್ಲಿ ಅರ್ಧ ಗಂಟೆ ಕಾಯಬೇಕು.
ಏಳು: ಬಣ್ಣ ಒಂದಿಷ್ಟು ಕಂದಿತು, ನೇರಳೆಹಣ್ಣು ತಿಂದ
ಮಗುವಿನ ನಾಲಿಗೆ ಸಂಜೆಗೆ ಮಾಸುವ ಹಾಗೆ.
ಹನ್ನೆರಡು: ಇನ್ನೊಂದಿಷ್ಟು.
ಹತ್ತೊಂಬತ್ತು ಮಾತ್ರ ನೇರಳೆಯನ್ನು ಪೂರ್ತಿ ಕುಡಿದುಬಿಟ್ಟಿತು;
ಉಳಿದದ್ದು ಬೇಳೆ ತೊಳೆದ ನೀರಿನ ಹಳದಿ.

ಗೆದ್ದಿತು ಅಂದುಕೊಂಡೆ.

ರುಚಿ ನೋಡಲು ಆರು ಜನ. ಐವರು ಮೇಷ್ಟ್ರು,
ಆರನೆಯವರು ರಜೆ ಹಾಕಿದ್ದಕ್ಕೆ
ಗಾಜು ತೊಳೆಯುವ ಪಿಳ್ಳಮ್ಮನನ್ನು ಕೂರಿಸಿದೆವು.
ಒಂದರಿಂದ ಒಂಬತ್ತರವರೆಗೆ ಅಂಕ ಹಾಕಮ್ಮ ಅಂದೆ.
ಹತ್ತೊಂಬತ್ತನ್ನು ನಾಲಿಗೆಗಿಟ್ಟು ಮುಖ ಕಿವುಚಿದಳು:
"ಮದ್ದು ಸಾ ಇದು. ಊಟಕ್ಕೆ ಕರೀಬೇಡಿ."
ಏಳಕ್ಕೆ, "ಪಾನಕಕ್ಕೆ ಸೈ, ಬೆಲ್ಲ ಇದ್ರೆ."
ಹನ್ನೆರಡನ್ನು ಎರಡು ಸಲ ಕೇಳಿ ಪಡೆದಳು,
ಕಣ್ಣು ಮುಚ್ಚಿ ಬಾಯಲ್ಲೇ ಇಟ್ಟುಕೊಂಡಳು.
"ಬಸುರೀಲಿ ನಂಗೇನೂ ಸೇರ್ತಿರಲಿಲ್ಲ.
ನಮ್ಮತ್ತೆ ಇಂಥದ್ದೇ ಒಂದು ಕೊಯ್ದು, ಉಪ್ಪು ಹಚ್ಚಿ ಕೊಟ್ಲು.
ಸೇರ್ತು."

ಅಂಕ ಎಷ್ಟು?
"ನೀವೇ ಹಾಕ್ಕೊಳ್ಳಿ."
ಷರಾ ಕಾಲಂ ಎರಡು ಬೆರಳಗಲ.
'ಸೇರಿತು' ಎಂದಷ್ಟೇ ಬರೆದೆ.
ನಮ್ಮ ಡಾಕ್ಟರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಬೀಜ ಎಣಿಸುವುದೂ ನನ್ನ ಕೆಲಸವೇ.
ಸಂಜೆ ಹನ್ನೆರಡರ ತಟ್ಟೆಯಲ್ಲಿ ಎರಡು ಕಮ್ಮಿ.
ಪಿಳ್ಳಮ್ಮ ಬೀಕರು ಕವುಚಿಟ್ಟು ಹೊರಟಿದ್ದಳು,
ಸೆರಗಿನ ತುದಿಯಲ್ಲಿ ಕಡಲೆಕಾಳಿನಷ್ಟು ಗಂಟು.

ಇನ್ನೊಮ್ಮೆ ಎಣಿಸಿದೆ. ಎರಡು ಕಮ್ಮಿಯೇ.
ಲೆಕ್ಕ ಸರಿಯಿದೆ ಎಂದು ಸಹಿ ಮಾಡಿ
ದೀಪ ಆರಿಸಿದೆ.