ಬೂಚು

ಅಬ್ಬಾಸಿಯಾದ ಮೂರನೇ ಮಾಳಿಗೆಯಲ್ಲಿ
ನಮ್ಮ ದ್ರಾಕ್ಷಿಗೆ ಅಂದು ಇಪ್ಪತ್ತೊಂದನೇ ದಿನ.
ಭರಣಿಯ ಬಾಯಿಗೆ ಕಟ್ಟಿದ ಆಸ್ಪತ್ರೆಯ ಕೈಗವಸು
ಮೊದಲ ವಾರ ಉಬ್ಬಿ ಉಬ್ಬಿ
ಐದೂ ಬೆರಳೆತ್ತಿ ನಿಂತಿತ್ತು,
ಹಾಜರಿಗೆ ಕಾದ ಹುಡುಗಿಯ ಹಾಗೆ.
ಈಗ ಜೋತುಬಿದ್ದಿದೆ.
"ಇನ್ನು ಬಾಟ್ಲಿಗೆ ತುಂಬಬೇಕು," ಅಂದಳು ಸೆವ್ರಿನ್ ಬಾಯಿ.
"ಬೂಚು ಎಲ್ಲಿ?"

ಶಾಲೆಯ ಪುಸ್ತಕದಲ್ಲಿ ಅದು ಬಿರಡೆ,
ನನ್ನ ಬಪ್ಪನ ಬಾಯಲ್ಲಿ ಬೂಚು.
ಈ ಊರಿನ ಅಂಗಡಿಯಲ್ಲಿ ಕೇಳಿದರೆ
ಅದಕ್ಕೊಂದೇ ಹೆಸರು:
ಯಾಕೆ?

ವಿಮ್ಟೋ ಬಾಟ್ಲಿಗಳು ಆರು ಇದ್ದವು,
ತೊಳೆದು, ಕುದಿಸಿ, ಬೋರಲು ಹಾಕಿದ್ದು.
ತಗಡಿನ ಮುಚ್ಚಳ ಬೇಡವಂತೆ.
ಹುಳಿಗೆ ತುಕ್ಕು ಹಿಡಿಯುತ್ತದೆ,
ಮೇಲಾಗಿ ಅದಕ್ಕೆ ಉಸಿರಾಡಲು ಬರುವುದಿಲ್ಲ.
ಬಟ್ಟೆ ಕಟ್ಟಿದರೆ ನೊಣ, ಮೇಣ ಹಚ್ಚಿದರೆ ಸೆಕೆಗೆ ಕರಗುತ್ತದೆ.
ಜೋಳದ ದಿಂಡು ನಾನೇ ಕೆತ್ತಿ ನೋಡಿದೆ,
ಎರಡು ದಿನಕ್ಕೆ ಬೂಸ್ಟು.

ಆಗ ಕಣ್ಣಿಗೆ ಬಿದ್ದದ್ದು
ಬಾಗಿಲ ಮೂಲೆಯ ಅಪೊಲಿನಳ ಚಪ್ಪಲಿ.
ಮೂರಿಂಚು ಹಿಮ್ಮಡಿ, ಪಟ್ಟಿಗೆ ಚಿನ್ನದ ಬಣ್ಣ.
ಜುಲೈಯಲ್ಲಿ ಅವಳ ವೀಸಾ ಮುಗಿದು
ಪಾಂಬೂರಿಗೆ ಹೊರಟಾಗ ತೂಕ ಹೆಚ್ಚಾಗಿ
ತಂಗಿಯ ಹಾಲಿನ ಪುಡಿ ಇಟ್ಟುಕೊಂಡಳು,
ಎತ್ತರ ಇಲ್ಲೇ ಬಿಟ್ಟು ಹೋದಳು.

ಇಂಥದ್ದರಲ್ಲಿ ಮೇಲೆ ಮಾತ್ರ ತೆಳು ಹಾಳೆ,
ಒಳಗೆ ಬರೀ ಪ್ಲಾಸ್ಟಿಕ್ಕು ಅಂದುಕೊಂಡಿದ್ದೆ.
ಎದುರು ಮನೆಯ ಮೈಮೂನ
ಬಂಗುಡೆ ಕೊಯ್ಯುವ ಕತ್ತಿ ಕೊಟ್ಟಳು.
"ನಾನೇನೂ ನೋಡಿಲ್ಲ," ಅಂದಳು,
"ಮೂಗು ಮಾತ್ರ ನನ್ನ ಮಾತು ಕೇಳುವುದಿಲ್ಲ."
ಎಡಗಾಲಿನದನ್ನು ಸೀಳಿದೆ.
ಅಪ್ಪಟ ಬೂಚು.
ಒಂದು ಕಡೆ ಸವೆದಿತ್ತು,
ಅಪೊಲಿನ್ ಹೊರಮಗ್ಗುಲಿಗೆ ಊರಿ ನಡೆಯುತ್ತಿದ್ದಳು.

ಐದೂವರೆ ಬಂದವು.
ಅರ್ಧದ್ದಕ್ಕೆ ದಾರ ಸುತ್ತಿ ಆರು ಮಾಡಿದೆ.
ಬಿಸಿನೀರಲ್ಲಿ ಮೂರು ಸಲ ಕುದಿಸಿದರೂ
ಅಂಟಿನ ವಾಸನೆಯೋ, ಸೂಖಿನ ಧೂಳೋ,
ಏನೋ ಒಂದು ಉಳಿದಿತ್ತು.

"ಗಟ್ಟಿ ಒತ್ತಬೇಡ," ಅಂದಳು ಸೆವ್ರಿನ್ ಬಾಯಿ,
"ಒಳಗಿನದಕ್ಕೆ ಸಿಟ್ಟು ಬರುತ್ತದೆ.
ಸಡಿಲ ಬಿಟ್ಟೆಯೋ, ಹುಳಿಯಾಗಿ ಮುನಿದು ಕೂರುತ್ತದೆ.
ಮತ್ತೆ ಮಲಗಿಸಿ ಇಡು,
ಬೂಚಿನ ಮೂತಿ ಒಣಗಬಾರದು."
ಮಂಚದ ಕೆಳಗೆ ಆರು ಬಾಟ್ಲಿ,
ಮಂಚದ ಮೇಲೆ, ಕೆಳಗಿನ ಅಂಕಣ ಮೇಲಿನ ಅಂಕಣ,
ನಾವು ನಾಲ್ಕು ಜನ.
ಎಲ್ಲರೂ ಅಡ್ಡ.

ಹನ್ನೊಂದನೇ ರಾತ್ರಿ, ಎರಡು ಗಂಟೆಗೆ,
ಠಪ್ ಅಂತ ಒಂದು.
ದಾರ ಸುತ್ತಿದ್ದೇ. ಹಾರಿ ಗೋಡೆಗೆ ಬಡಿದು
ನನ್ನ ಬಿಳಿ ಯೂನಿಫಾರ್ಮಿನ ಮೇಲೆ ಕೆಂಪು.
ಮೆಟ್ಟಿಲಲ್ಲಿ ಹಾರಿಸನ ಚಪ್ಪಲಿ ಸದ್ದು.
ಸೆವ್ರಿನ್ ಬಾಯಿ ನೈಟಿಯಲ್ಲೇ,
ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದು ಬಾಗಿಲು ತೆರೆದಳು.
"ವಾಲ್ವು ಹೋಯಿತು, ಬಾಬಾ."
"ಇಷ್ಟು ಹೊತ್ತಿಗೆ ಅನ್ನವೇ?"
"ಡ್ಯೂಟಿಯವರಿಗೆ."
ಅವನು ಅವಳ ಭುಜದಾಚೆ ನೋಡಿದ.
ಗಾಳಿಯನ್ನೊಮ್ಮೆ ಎಳೆದುಕೊಂಡ.
"ಗಟ್ಟಿಯಾಗಿ ಮುಚ್ಚಿಕೊಳ್ಳಿ," ಅಂದ,
ಬಾಗಿಲನ್ನೋ, ಕುಕ್ಕರನ್ನೋ,
ಇವತ್ತಿಗೂ ಗೊತ್ತಿಲ್ಲ.
ಬೆಳಗಿನವರೆಗೆ ಯೂನಿಫಾರ್ಮು ತಿಕ್ಕಿದೆ.
ರಕ್ತವಾದರೆ ತಣ್ಣೀರಲ್ಲಿ ಹೋಗುತ್ತಿತ್ತು.

ನತಾಲಾಂಚೆ ರಾತ್ರಿ
ಮದ್ದು ಅಳೆಯುವ ಪುಟ್ಟ ಕಪ್ಪುಗಳಲ್ಲಿ ಕುಡಿದೆವು,
ತಲೆಗೆ ಮೂವತ್ತು ಎಂ.ಎಲ್.
ಚೂರು ಒಗರು, ಚೂರು ಸಿಹಿ,
ಕೊನೆಯಲ್ಲಿ ನಾಲಿಗೆಯ ತುದಿಗೆ ಚಕ್ಕನೆ ಒಂದು ಧೂಳು.
ಯಾರೂ ಅದರ ಮಾತೆತ್ತಲಿಲ್ಲ.

ಅಷ್ಟರಲ್ಲಿ ಪಾಂಬೂರಿನಿಂದ ವಿಡಿಯೋ ಕಾಲ್.
ಹಿಂದೆ ಗೋದಲಿಯ ದೀಪ, ಯಾರದೋ ಮಗು.
"ನನ್ನ ಚಪ್ಪಲಿ ಅಲ್ಲೇ ಉಂಟಾ ಮಾರಾಯ್ತಿ?
ಫೆಬ್ರವರಿಯಲ್ಲಿ ತಂಗಿಯ ರೋಸು.
ಯಾರಾದರೂ ಬರುವವರಿದ್ದರೆ ಕಳಿಸು."

ಬಾಯಲ್ಲಿದ್ದದ್ದನ್ನು ನುಂಗಿದೆ.
"ಉಂಟು," ಅಂದೆ,
ಫೋನು ತಿರುಗಿಸಿ
ಬಲಗಾಲಿನದನ್ನು ತೋರಿಸಿದೆ.